ಗ್ರಾಫಿಕ್ ಡಿಸೈನ್: ಕಾಲೇಜಿಗೆ ಸೇರಿ ಕಲಿಯುವುದೇ, ಸ್ವಂತವಾಗಿ ಕಲಿಯುವುದೇ?

ಪಿಯುಸಿ ಫಲಿತಾಂಶ ಬಂದ ಮೇಲೆ ಎರಡು ತಿಂಗಳು ಹುಬ್ಬಳ್ಳಿಯ ನಮ್ಮ ಸಣ್ಣ ವಿನ್ಯಾಸ ಕಚೇರಿಗೆ ಪೋಷಕರು ಬರುತ್ತಲೇ ಇರುತ್ತಾರೆ. ಪಕ್ಕದಲ್ಲಿ ಮಗನೋ ಮಗಳೋ ಮೊಬೈಲ್ ಹಿಡಿದು ನಿಂತಿರುತ್ತಾರೆ. ಅದರಲ್ಲಿ ತಾವೇ ಮಾಡಿದ ಜಾತ್ರೆಯ ಪೋಸ್ಟರ್, ಕ್ರಿಕೆಟ್ ಟೂರ್ನಿಯ ಬ್ಯಾನರ್, ಚಿಕ್ಕಪ್ಪನ ಅಂಗಡಿಯ ಲೋಗೊ ಇರುತ್ತವೆ. "ಯೂಟ್ಯೂಬ್ ನೋಡೇ ಇಷ್ಟ್ ಕಲ್ತಾನ್ರಿ ಸರ, ಇನ್ನ ನಾಕ ವರ್ಷ ಕಾಲೇಜಿಗೆ ಕಳಸೂದ್ ಬೇಕೇನ್ರಿ?" ಎಂದು ತಂದೆಯೊಬ್ಬರು ಕೇಳಿದ್ದು ನನಗೆ ಇನ್ನೂ ನೆನಪಿದೆ, ಏಕೆಂದರೆ ಆ ಹುಡುಗನ ಕೆಲಸ ನಿಜಕ್ಕೂ ಚೆನ್ನಾಗಿತ್ತು ಮತ್ತು ನನಗೆ ಕೂಡಲೇ ಉತ್ತರ ಹೊಳೆಯಲಿಲ್ಲ. ನಾನು ಎರಡೂ ದಾರಿಯಲ್ಲಿ ನಡೆದವನು. ಮೊದಲು ಗದುಗಿನ ಒಂದು ಡಿಟಿಪಿ ಸೆಂಟರಿನಲ್ಲಿ ಮೂರು ವರ್ಷ ದುಡಿದು ಕೆಲಸ ಕಲಿತೆ, ಆಮೇಲೆ ದೃಶ್ಯಕಲಾ ಕಾಲೇಜಿಗೆ ಸೇರಿ, ಜಾಹೀರಾತು ಮತ್ತು ಮುದ್ರಣದ ವಿನ್ಯಾಸ ಕಲಿಸುವ ಅನ್ವಯಿಕ ಕಲೆಯಲ್ಲಿ ಪದವಿ ಪಡೆದೆ. ಆ ಎರಡು ಅನುಭವಗಳನ್ನು ಎದುರುಬದುರಾಗಿಟ್ಟು, ಯಾರಿಗೆ ಯಾವುದು ಹೊಂದುತ್ತದೆ ಎಂಬುದನ್ನು ಇಲ್ಲಿ ಬರೆಯುತ್ತಿದ್ದೇನೆ.

ಮೊದಲಿಗೆ ಒಂದು ಗೊಂದಲವನ್ನು ಬಿಡಿಸಿಕೊಳ್ಳಬೇಕು. ಹೆಚ್ಚಿನವರು ಗ್ರಾಫಿಕ್ ಡಿಸೈನ್ ಕಲಿಯುವುದೆಂದರೆ ಫೋಟೋಶಾಪ್, ಇಲಸ್ಟ್ರೇಟರ್ ಅಥವಾ ಕೋರೆಲ್‌ಡ್ರಾ ಕಲಿಯುವುದು ಎಂದುಕೊಂಡಿರುತ್ತಾರೆ. ಪ್ರಶ್ನೆ ಅಷ್ಟೇ ಆಗಿದ್ದರೆ ಈ ಹೋಲಿಕೆಯೇ ಬೇಕಿಲ್ಲ: ಸಾಫ್ಟ್‌ವೇರನ್ನು ಮನೆಯಲ್ಲೇ ಕಲಿಯಬಹುದು, ಕಾಲೇಜಿನಲ್ಲಿ ಅದನ್ನು ಕಲಿಸುವುದು ಕಡಿಮೆ, ಕಲಿಸಿದರೂ ನಿಧಾನ. ಕಲಿಯಬೇಕಾದದ್ದು ಮೂರು ಬಗೆಯದು. ಒಂದು ಉಪಕರಣದ ಕೈಚಳಕ. ಎರಡನೆಯದು ಯಾವುದು ಸರಿ, ಯಾವುದು ತಪ್ಪು ಎಂದು ಕಾಣುವ ಕಣ್ಣು. ಮೂರನೆಯದು ಮುದ್ರಣ, ಗಿರಾಕಿ, ಗಡುವು, ಹಣ ಇವೆಲ್ಲ ಸೇರಿದ ಕಸುಬು. ಕೈಚಳಕಕ್ಕೆ ಇಂಟರ್‌ನೆಟ್ ಸಾಕು, ಕಸುಬನ್ನು ಕೆಲಸದ ಜಾಗವೇ ಕಲಿಸುತ್ತದೆ. ಕಾಲೇಜಿಗೆ ಸೇರಬೇಕೇ ಬೇಡವೇ ಎಂಬುದು ಬಹುಪಾಲು ನಡುವಿನದರ ಮೇಲೆ ನಿಂತಿದೆ.

ಕಾಲೇಜು ಕೊಡುವುದೇನು

ದೃಶ್ಯಕಲಾ ಪದವಿಯ ಮೊದಲ ವರ್ಷ ಬುನಾದಿ ಶಿಕ್ಷಣ. ರೇಖೆ, ರೂಪ, ಬಣ್ಣ, ವಸ್ತುಚಿತ್ರ, ಅಕ್ಷರ ಬರವಣಿಗೆ ಎಂದು ತಿಂಗಳುಗಟ್ಟಲೆ ಕಂಪ್ಯೂಟರ್ ಮುಟ್ಟದೆ ಕಾಗದದ ಮೇಲೆ ಕೆಲಸ ಮಾಡಿಸುತ್ತಾರೆ. 1919ರಲ್ಲಿ ಜರ್ಮನಿಯ ವೈಮಾರಿನಲ್ಲಿ ಶುರುವಾದ ಬೌಹೌಸ್ ಶಾಲೆಯಲ್ಲಿ ಯೊಹಾನೆಸ್ ಇಟ್ಟೆನ್ ರೂಪಿಸಿದ ಬುನಾದಿ ಪಾಠಕ್ರಮದ ಛಾಯೆ ಇಂದಿಗೂ ಜಗತ್ತಿನ ವಿನ್ಯಾಸ ಶಾಲೆಗಳಲ್ಲಿದೆ. 1961ರಲ್ಲಿ ಅಹಮದಾಬಾದಿನಲ್ಲಿ ಆರಂಭವಾದ ರಾಷ್ಟ್ರೀಯ ವಿನ್ಯಾಸ ಸಂಸ್ಥೆಯೂ ಆ ಪರಂಪರೆಯಿಂದ ಪಡೆದದ್ದು ಬಹಳ. ಡಿಟಿಪಿಯಲ್ಲಿ ದಿನಕ್ಕೆ ಎಂಟು ಕರಪತ್ರ ಮುಗಿಸುತ್ತಿದ್ದ ನನಗೆ ಕಾಲೇಜಿನ ಮೊದಲ ಆರು ತಿಂಗಳು ಸಮಯ ವ್ಯರ್ಥವಾಗುತ್ತಿದೆ ಎಂದೇ ಅನಿಸಿತ್ತು. ಒಂದೇ ಬೂದುಬಣ್ಣವನ್ನು ಬಿಳಿಯಿಂದ ಕಪ್ಪಿನವರೆಗೆ ಹನ್ನೊಂದು ಮೆಟ್ಟಿಲುಗಳಲ್ಲಿ ಪೋಸ್ಟರ್ ಕಲರಿನಿಂದ ತುಂಬಿಸಬೇಕಿತ್ತು, ಒಂದು ಮೆಟ್ಟಿಲಿಗೂ ಇನ್ನೊಂದಕ್ಕೂ ನಡುವಿನ ಅಂತರ ಕಣ್ಣಿಗೆ ಸಮನಾಗಿ ಕಾಣಬೇಕಿತ್ತು. ನಾಲ್ಕು ಸಲ ಹಿಂದಿರುಗಿಸಿದರು. ಐದನೆಯ ಸಲ ಮಾಡುವಾಗ ಆರನೆಯ ಮೆಟ್ಟಿಲಿನ ಬೂದುಬಣ್ಣ ಸ್ವಲ್ಪ ನೀಲಿಗೆ ವಾಲಿದೆ ಎಂಬುದು ನನಗೇ ಕಂಡಿತು. ಅದಕ್ಕೂ ಹಿಂದೆ ಮೂರು ವರ್ಷ ಬಣ್ಣಗಳ ನಡುವೆಯೇ ಇದ್ದರೂ ಅಂಥದ್ದೊಂದು ನನ್ನ ಕಣ್ಣಿಗೆ ಬಿದ್ದಿರಲಿಲ್ಲ.

ಅದಕ್ಕಿಂತ ದೊಡ್ಡದು ವಿಮರ್ಶೆ. ಎಲ್ಲರ ಕೆಲಸವನ್ನೂ ಗೋಡೆಗೆ ಅಂಟಿಸಿ, ಇಡೀ ತರಗತಿಯ ಎದುರು ಒಂದೊಂದಾಗಿ ಮಾತನಾಡುವ ಆ ಎರಡು ಗಂಟೆಗಳೇ ನನ್ನ ಪದವಿಯ ತಿರುಳು ಎಂದು ಈಗ ತಿಳಿದಿದ್ದೇನೆ. ರಕ್ತದಾನ ಶಿಬಿರಕ್ಕಾಗಿ ಮಾಡಿದ್ದ ನನ್ನ ಪೋಸ್ಟರನ್ನು ನಮ್ಮ ಅಧ್ಯಾಪಕರು ಏನೂ ಹೇಳದೆ ತೆಗೆದು ತಲೆಕೆಳಗಾಗಿ ಅಂಟಿಸಿದರು. ನಂತರ ಹಿಂದಿನ ಸಾಲಿನ ಹುಡುಗಿಯೊಬ್ಬಳನ್ನು "ಮೊದಲು ಏನು ಕಾಣಿಸುತ್ತಿದೆ?" ಎಂದು ಕೇಳಿದರು. "ಕೆಂಪು ಪಟ್ಟಿ, ಆಮೇಲೆ ಲೋಗೊ" ಎಂದಳು. ಶಿಬಿರದ ದಿನಾಂಕ, ಸ್ಥಳ ಆಕೆಗೆ ಕಾಣಲೇ ಇಲ್ಲ. ಅಕ್ಷರ ಓದಲಾಗದಂತೆ ತಿರುಗಿಸಿದಾಗ ಉಳಿಯುವುದು ಆಕಾರ ಮತ್ತು ಭಾರ ಮಾತ್ರ. ಪೋಸ್ಟರಿನಲ್ಲಿ ಯಾವುದು ಮುಂದೆ ಬರುತ್ತಿದೆ, ಯಾವುದು ಮುಳುಗುತ್ತಿದೆ ಎಂಬುದು ಆಗ ಬಯಲಾಗುತ್ತದೆ. ಈ ಪರೀಕ್ಷೆಯನ್ನು ಇಂದು ಯಾವ ವಿಡಿಯೊದಲ್ಲಾದರೂ ನೋಡಬಹುದು. ಆದರೆ ನಾನೇ ಮಾಡಿದ ಕೆಲಸದ ಮೇಲೆ, ನನ್ನ ಎದುರೇ, ನನ್ನ ಬಗ್ಗೆ ಯಾವ ದಾಕ್ಷಿಣ್ಯವೂ ಇಲ್ಲದವರು ಅದನ್ನು ನಡೆಸಿದ್ದರಿಂದಲೇ ಅದು ನನಗೆ ನಾಟಿತು.

ಕೊರತೆಗಳೂ ಇವೆ. ಹಲವು ಕಾಲೇಜುಗಳಲ್ಲಿ ಪಠ್ಯಕ್ರಮ ಉದ್ಯೋಗದ ವೇಗಕ್ಕೆ ಹೆಜ್ಜೆ ಹಾಕುವುದಿಲ್ಲ. ಆ್ಯಪ್ ಮತ್ತು ಜಾಲತಾಣಗಳ ವಿನ್ಯಾಸಕ್ಕೆ ಬೇಕಾದ ಫಿಗ್ಮಾದಂಥ ಉಪಕರಣಗಳನ್ನು ವಿದ್ಯಾರ್ಥಿಗಳು ತಾವೇ ಕಲಿತುಕೊಳ್ಳುತ್ತಾರೆ. ಒಂದು ಕೆಲಸಕ್ಕೆ ಮೂರು ವಾರ ಸಿಗುವ ಅಭ್ಯಾಸವಾದವರು ಸಂಜೆಯೊಳಗೆ ಜಾಹೀರಾತು ಬೇಕೆನ್ನುವ ಗಿರಾಕಿಯ ಮುಂದೆ ತಬ್ಬಿಬ್ಬಾಗುತ್ತಾರೆ. ಪದವಿ ಮುಗಿಸಿ ನಮ್ಮಲ್ಲಿಗೆ ಬರುವ ಹೊಸಬರಿಗೆ ದರಪಟ್ಟಿ ಬರೆಯಲು, ಪ್ರೆಸ್‌ಗೆ ಫೈಲ್ ಸಿದ್ಧಪಡಿಸಲು ನಾವು ಮೊದಲಿನಿಂದ ಹೇಳಿಕೊಡುತ್ತೇವೆ.

ಸ್ವಂತ ಕಲಿಕೆಯ ಬಲ, ಅದರ ಕುರುಡು ಜಾಗ

ಗದುಗನ್ನು ಉತ್ತರ ಕರ್ನಾಟಕದವರು ಮುದ್ರಣ ಕಾಶಿ ಎಂದು ಕರೆಯುತ್ತಾರೆ. ಅಲ್ಲಿಯ ಪ್ರೆಸ್‌ಗಳ ನಡುವೆ ನಾನು ಕಲಿತದ್ದನ್ನು ಯಾವ ಕಾಲೇಜೂ ಅಷ್ಟು ಬೇಗ ಕಲಿಸುತ್ತಿರಲಿಲ್ಲ. ಒಂದು ಉದಾಹರಣೆ ಹೇಳುತ್ತೇನೆ. ಮದುವೆ ಆಮಂತ್ರಣವೊಂದಕ್ಕೆ ಕಡುನೀಲಿ ಹಿನ್ನೆಲೆ ಹಾಕಿದ್ದೆ. ಪರದೆಯ ಮೇಲೆ ಅದು ಹೊಳೆಯುವ ನೀಲಿ. ಸಾವಿರ ಪ್ರತಿ ಅಚ್ಚಾಗಿ ಬಂದಾಗ ಎಲ್ಲವೂ ನೇರಳೆ. ಪರದೆ ಕೆಂಪು, ಹಸಿರು, ನೀಲಿ ಬೆಳಕಿನಿಂದ ಬಣ್ಣ ತೋರಿಸುತ್ತದೆ, ಮುದ್ರಣ ಯಂತ್ರ ಸಯಾನ್, ಮೆಜೆಂಟಾ, ಹಳದಿ, ಕಪ್ಪು ಶಾಯಿಗಳಿಂದ ಬಣ್ಣ ಕೂಡಿಸುತ್ತದೆ. ಆ ಹೊಳೆಯುವ ನೀಲಿ ಶಾಯಿಯ ವ್ಯಾಪ್ತಿಯಲ್ಲೇ ಇಲ್ಲ, ಸಯಾನ್ ಮತ್ತು ಮೆಜೆಂಟಾ ಸರಿಸುಮಾರು ಸಮನಾಗಿ ಬಿದ್ದರೆ ನೇರಳೆಯೇ ಬರುತ್ತದೆ. ಮೆಜೆಂಟಾವನ್ನು ಸಾಕಷ್ಟು ಇಳಿಸಬೇಕಿತ್ತು. ಮರುಮುದ್ರಣದ ಖರ್ಚು ನನ್ನ ಎರಡು ತಿಂಗಳ ಸಂಬಳದಿಂದ ಕಡಿತವಾಯಿತು. ಕಟಿಂಗಿಗೆ ಸುತ್ತಲೂ 3 ಮಿಲಿಮೀಟರ್ ಬ್ಲೀಡ್ (ಕತ್ತರಿಸುವ ಅಂಚಿನಾಚೆಗೂ ಚಾಚಿದ ಬಣ್ಣ) ಬಿಡುವುದು, ಚಿತ್ರಗಳು ಅಚ್ಚಾಗುವ ಅಳತೆಯಲ್ಲಿ 300 ಡಿಪಿಐ (ಇಂಚಿಗೆ 300 ಚುಕ್ಕೆ) ಇರುವುದು, ಸಣ್ಣ ಅಕ್ಷರಗಳನ್ನು ನಾಲ್ಕೂ ಶಾಯಿ ಬೆರೆಸಿದ ಕಪ್ಪಿನಲ್ಲಿ ಹಾಕದೆ ಬರಿಯ ಕಪ್ಪು ಶಾಯಿಯಲ್ಲೇ ಇಡುವುದು, ಇವೆಲ್ಲವೂ ನನಗೆ ಇಂಥ ಪೆಟ್ಟುಗಳಿಂದಲೇ ಬಂದವು ಮತ್ತು ಒಂದನ್ನೂ ಮರೆತಿಲ್ಲ.

ಇಂದು ಸ್ವಂತವಾಗಿ ಕಲಿಯುವವರಿಗೆ ಇರುವ ಅನುಕೂಲ ನಮ್ಮ ಕಾಲದಲ್ಲಿ ಇರಲಿಲ್ಲ. ಇಂಕ್‌ಸ್ಕೇಪ್, ಗಿಂಪ್, ಕ್ರಿಟಾ, ಸ್ಕ್ರೈಬಸ್ ಎಲ್ಲವೂ ಉಚಿತ ಮತ್ತು ಮುಕ್ತ ತಂತ್ರಾಂಶಗಳು. ಫೋಟೋಶಾಪ್ ತಯಾರಿಸುವ ಅಡೋಬಿ 2013ರಿಂದ ಹೊಸ ಆವೃತ್ತಿಗಳನ್ನು ಚಂದಾ ರೂಪದಲ್ಲಿ ಕೊಡತೊಡಗಿದ ಮೇಲೆ ಕಲಿಯುವವರ ಮೇಲೆ ಬಿದ್ದ ಹೊರೆಯನ್ನು ಇವು ಬಹಳ ಮಟ್ಟಿಗೆ ಇಳಿಸಿವೆ. ಐಐಟಿ ಬಾಂಬೆಯ ವಿನ್ಯಾಸ ವಿಭಾಗ ಡಿ'ಸೋರ್ಸ್ ಎಂಬ ಹೆಸರಿನಲ್ಲಿ ವಿನ್ಯಾಸದ ಪಾಠಗಳನ್ನು ಉಚಿತವಾಗಿ ತೆರೆದಿಟ್ಟಿದೆ. ಯೂಟ್ಯೂಬಿನ ತುಣುಕುಗಳಿಗೆ ಇಲ್ಲದ ಕ್ರಮ ಅಲ್ಲಿದೆ ಎಂಬ ಕಾರಣಕ್ಕೆ ನಾನು ಅದನ್ನು ಎಲ್ಲಕ್ಕಿಂತ ಮೊದಲು ಸೂಚಿಸುತ್ತೇನೆ.

ಸ್ವಂತ ಕಲಿಕೆಯ ದೊಡ್ಡ ತೊಂದರೆ ಸೋಮಾರಿತನ ಎಂದು ಹಲವರು ಹೇಳುತ್ತಾರೆ. ನಾನು ಕಂಡದ್ದು ಬೇರೆ. ನಮ್ಮಲ್ಲಿಗೆ ಬರುವ ಹುಡುಗರು ರಾತ್ರಿ ಎರಡರವರೆಗೆ ಕೂತು ಕೆಲಸ ಮಾಡುವವರೇ. ಆದರೆ ತಮಗೆ ಗೊತ್ತಿರುವುದನ್ನೇ ಮತ್ತೆ ಮತ್ತೆ ಮಾಡುತ್ತಾರೆ. ಒಬ್ಬನಿಗೆ ಹೊಗೆ, ಕಿಡಿ, ಚಿನ್ನದ ಅಕ್ಷರಗಳ ಸಿನಿಮಾ ಪೋಸ್ಟರ್ ಕೈವಶವಾಗಿರುತ್ತದೆ. ಹುಟ್ಟುಹಬ್ಬದ ಬ್ಯಾನರಿಗೂ ಅದೇ, ಆಸ್ಪತ್ರೆಯ ಕರಪತ್ರಕ್ಕೂ ಅದೇ. ಸಾಮಾಜಿಕ ಜಾಲತಾಣದಲ್ಲಿ ಮೆಚ್ಚುಗೆಯ ಅಂಕಿ ಏರುತ್ತಿರುವಾಗ ಅದು ತಪ್ಪು ಎಂದು ಅವನಿಗೆ ಹೇಳುವವರು ಯಾರೂ ಇರುವುದಿಲ್ಲ, ಮತ್ತು ತನಗೆ ಏನು ತಿಳಿದಿಲ್ಲ ಎಂಬುದನ್ನು ತಾನೇ ಹುಡುಕಿಕೊಳ್ಳಲು ಯಾವ ಪದ ಹಾಕಿ ಹುಡುಕಬೇಕೆಂಬುದೂ ತಿಳಿದಿರುವುದಿಲ್ಲ. ಮೊದಲೇ ಸಿದ್ಧವಾಗಿ ಸಿಗುವ ಟೆಂಪ್ಲೇಟುಗಳು ಈ ಕುರುಡನ್ನು ಇನ್ನಷ್ಟು ಮುಚ್ಚುತ್ತವೆ: ಫಲಿತಾಂಶ ಅಂದವಾಗಿರುತ್ತದೆ, ಆದರೆ ಅಂದ ಎಲ್ಲಿಂದ ಬಂತು ಎಂದು ಮಾಡಿದವರಿಗೇ ಗೊತ್ತಿರುವುದಿಲ್ಲ. ಶೀರ್ಷಿಕೆ ಒಂದು ಸಾಲಿನಿಂದ ಮೂರು ಸಾಲಾದರೆ ಇಡೀ ಪುಟ ಕುಸಿಯುತ್ತದೆ.

ಆದ್ದರಿಂದ ಸ್ವಂತವಾಗಿ ಕಲಿಯಲು ಹೊರಟವರಿಗೆ ನಾನು ಕೇಳುವುದು ಒಂದೇ: ನಿಮ್ಮ ಕೆಲಸವನ್ನು ಪ್ರತಿ ವಾರ ನೋಡಿ, ಮುಖ ನೋಡದೆ ತಪ್ಪು ಹೇಳುವವರು ಯಾರಿದ್ದಾರೆ? ಅಂಥ ಒಬ್ಬರು ಸಿಕ್ಕರೆ, ಅವರು ಪ್ರೆಸ್ಸಿನ ಹಿರಿಯ ಆಪರೇಟರ್ ಆಗಿರಲಿ, ಪತ್ರಿಕೆಯ ಪುಟವಿನ್ಯಾಸಕರಾಗಿರಲಿ, ನಿಮ್ಮಂತೆಯೇ ಕಲಿಯುತ್ತಿರುವ ನಾಲ್ವರ ಗುಂಪಾಗಿರಲಿ, ಸ್ವಂತ ಕಲಿಕೆಯ ಅರ್ಧ ಕೊರತೆ ನೀಗುತ್ತದೆ. ಸಿಗದಿದ್ದರೆ, ಹಣದ ಅನುಕೂಲ ಇರುವವರು ಕಾಲೇಜಿಗೆ ಸೇರುವುದೇ ಒಳ್ಳೆಯದು.

ಎರಡೂ ಕಡೆ ಕಲಿಸದ ಒಂದು ವಿಷಯ

ಕನ್ನಡ ಅಕ್ಷರದ ಬಗ್ಗೆ ಇಲ್ಲಿ ಹೆಚ್ಚು ಹೇಳಬೇಕಾಗಿದೆ, ಏಕೆಂದರೆ ಕರ್ನಾಟಕದಲ್ಲಿ ಕೆಲಸ ಮಾಡುವ ವಿನ್ಯಾಸಕರ ಮುಂದೆ ಬರುವ ಕೆಲಸದಲ್ಲಿ ದೊಡ್ಡ ಪಾಲು ಕನ್ನಡದ್ದು, ಮತ್ತು ಅಕ್ಷರ ವಿನ್ಯಾಸದ ಪಾಠ ಯೂಟ್ಯೂಬಿನಲ್ಲಾಗಲಿ ಕಾಲೇಜಿನಲ್ಲಾಗಲಿ ಹೆಚ್ಚಾಗಿ ರೋಮನ್ ಲಿಪಿಯ ಮೇಲೆಯೇ ನಡೆಯುತ್ತದೆ. ನಾನು ಕಾಲೇಜಿನಲ್ಲಿ ಹೆಲ್ವೆಟಿಕಾ ಎಂಬ ರೋಮನ್ ಫಾಂಟಿನ ಒಂದೊಂದು ತಿರುವನ್ನೂ ಪೆನ್ಸಿಲಿನಲ್ಲಿ ತಿದ್ದಿದ್ದೇನೆ. ಕನ್ನಡದ 'ಕ್ಷ್ಮ' ಎಂಬ ಅಕ್ಷರ ಸಾಲಿನ ಕೆಳಗೆ ಎಷ್ಟು ಇಳಿಯುತ್ತದೆ ಎಂದು ಒಮ್ಮೆಯೂ ಅಳೆಯಲಿಲ್ಲ.

ಇಂಗ್ಲಿಷಿಗೆ ಹೊಂದುವ ಸಾಲಿನ ಅಂತರವನ್ನು ಕನ್ನಡಕ್ಕೆ ಹಾಗೆಯೇ ಹಾಕಿದರೆ ಮೇಲಿನ ಸಾಲಿನ ಒತ್ತಕ್ಷರ ಕೆಳಗಿನ ಸಾಲಿನ ಗುಡಿಸಿಗೆ ತಗಲುತ್ತದೆ. 'ರಾಷ್ಟ್ರ', 'ವೈಶಿಷ್ಟ್ಯ'ದಂಥ ಪದಗಳಿರುವ ಶೀರ್ಷಿಕೆಯಲ್ಲಿ ಇದು ಕಣ್ಣಿಗೆ ಹೊಡೆಯುತ್ತದೆ. ಅಕ್ಷರಗಳ ನಡುವಿನ ಅಂತರ ಹಿಗ್ಗಿಸಿದರೆ ಕೆಲವು ತಂತ್ರಾಂಶಗಳಲ್ಲಿ ಒತ್ತು ತನ್ನ ಮೂಲ ಅಕ್ಷರದಿಂದ ಸರಿದು ಪಕ್ಕದ ಅಕ್ಷರದ ಕಾಲಡಿ ಕೂರುತ್ತದೆ. ಇಂಗ್ಲಿಷಿನಲ್ಲಿ ಒತ್ತಿ ಹೇಳಲು ಇರುವ ದೊಡ್ಡಕ್ಷರ ನಮಗಿಲ್ಲ, ವಾಲಿಸಿದ ಅಕ್ಷರವೂ ನಮ್ಮ ದುಂಡು ಲಿಪಿಗೆ ಒಗ್ಗುವುದಿಲ್ಲ. ದಪ್ಪ, ಗಾತ್ರ, ಬಣ್ಣ, ಬಿಳಿಜಾಗ ಇವುಗಳಿಂದಲೇ ಆ ಕೆಲಸ ಆಗಬೇಕು.

ತಾಂತ್ರಿಕ ತೊಡಕೂ ಉಂಟು. ಫೋಟೋಶಾಪಿನ ಹಳೆಯ ಆವೃತ್ತಿಗಳಲ್ಲಿ ಯೂನಿಕೋಡ್ (ಎಲ್ಲ ಕಂಪ್ಯೂಟರುಗಳಿಗೂ ಸಾಮಾನ್ಯವಾದ ಅಕ್ಷರ ಸಂಕೇತ) ಕನ್ನಡವನ್ನು ಅಂಟಿಸಿದಾಗ 'ಪ್ರಸ್ತುತ' ಎಂಬುದು 'ಪ್‌ರಸ್‌ತುತ' ಎಂದು ಒಡೆದು ಕಾಣುವುದನ್ನು ಹೊಸಬರೆಲ್ಲ ಕಂಡಿರುತ್ತಾರೆ. ಆದ್ಯತೆಗಳ ಟೈಪ್ ವಿಭಾಗಕ್ಕೆ ಹೋಗಿ ದಕ್ಷಿಣ ಏಷ್ಯಾದ ಭಾಷೆಗಳಿಗೆಂದು ಇರುವ ಆಯ್ಕೆಯನ್ನು ಚಾಲೂ ಮಾಡಿ, ಹೊಸ ಕಡತ ತೆರೆದರೆ ಅದು ಸರಿಹೋಗುತ್ತದೆ; ಪುಟವಿನ್ಯಾಸದ ತಂತ್ರಾಂಶವಾದ ಇನ್‌ಡಿಸೈನಿನಲ್ಲಿ ವರ್ಲ್ಡ್ ರೆಡಿ ಕಂಪೋಸರ್ ಆರಿಸಬೇಕು. ಇದು ತಿಳಿಯದೆ ನುಡಿ ಅಥವಾ ಬೇರೆ ಹಳೆಯ ಸಂಕೇತದ ಫಾಂಟಿಗೆ ಮರಳಿದವರು ಬಹಳ ಮಂದಿ. ಊರಿನ ಡಿಟಿಪಿ ಸೆಂಟರುಗಳಲ್ಲಿ 2001ರ ಪುಟವಿನ್ಯಾಸ ತಂತ್ರಾಂಶ ಪೇಜ್‌ಮೇಕರ್ 7 ಮತ್ತು ನುಡಿ ಫಾಂಟಿನ ಜೋಡಿ ಇನ್ನೂ ಉಸಿರಾಡುತ್ತಿದೆ, ಅದರಲ್ಲಿ ಕೆಲಸವೂ ಆಗುತ್ತದೆ. ಆದರೆ ಅಲ್ಲಿ ಸಿದ್ಧವಾದ ಪಠ್ಯವನ್ನು ಹಾಗೆಯೇ ಜಾಲತಾಣಕ್ಕೆ ಹಾಕಲಾಗದು, ಹುಡುಕಲಾಗದು. ಕಲಿಯುವವರು ಮೊದಲ ದಿನದಿಂದಲೇ ಯೂನಿಕೋಡಿನಲ್ಲಿ ಕೆಲಸ ಮಾಡಲಿ. ನೋಟೊ, ಅನೇಕ್ ಕನ್ನಡ, ಬಲೂ ತಮ್ಮ, ಬೆಣ್ಣೆ, ಟಿರೊ ಕನ್ನಡ ಮುಂತಾದ ಫಾಂಟುಗಳು ಮುಕ್ತ ಪರವಾನಗಿಯಲ್ಲಿ ಸಿಗುತ್ತವೆ.

ಈ ವಿದ್ಯೆಯ ಹಳೆಯ ಗುರುಗಳು ಬೋರ್ಡ್ ಬರೆಯುವ ಕಲಾವಿದರು. ಫ್ಲೆಕ್ಸ್ ಬಂದ ಮೇಲೆ ಅವರ ಸಂಖ್ಯೆ ಇಳಿದಿದೆ, ಆದರೂ ಶಾಲೆಯ ಗೋಡೆ, ಲಾರಿಯ ಹಿಂಬದಿ ಬರೆಯುವವರು ಊರಿಗೊಬ್ಬರಾದರೂ ಸಿಗುತ್ತಾರೆ. ಹಳೇ ಹುಬ್ಬಳ್ಳಿಯಲ್ಲಿ ಅಂಥ ಒಬ್ಬರ ಪಕ್ಕ ಕೂತು ನೋಡಿದ್ದೇನೆ: ಸೀಮೆಸುಣ್ಣದ ದಾರದಿಂದ ಎರಡಲ್ಲ, ಮೂರು ಗೆರೆ ಹೊಡೆಯುತ್ತಿದ್ದರು. ಮೇಲಿನದು ತಲೆಕಟ್ಟಿಗೆ, ನಡುವಿನದು ಅಕ್ಷರದ ಪಾದಕ್ಕೆ, ಕೆಳಗಿನದು ಒತ್ತಿಗೆ. ಸಾಲಿನ ಅಂತರದ ಬಗ್ಗೆ ನಾನು ಮೇಲೆ ಬರೆದದ್ದೆಲ್ಲ ಆ ಮೂರನೆಯ ಗೆರೆಯಲ್ಲಿತ್ತು. ನೀವು ಯಾವ ದಾರಿ ಹಿಡಿದರೂ ಇಂಥವರ ಪಕ್ಕ ಒಂದು ವಾರ ಕೂರಿ.

ಪದವಿ ಇಲ್ಲದೆ ತೆರೆಯದ ಬಾಗಿಲುಗಳು

ಖಾಸಗಿ ಕಚೇರಿ, ಜಾಹೀರಾತು ಸಂಸ್ಥೆ, ಸ್ಟಾರ್ಟ್‌ಅಪ್‌ಗಳಲ್ಲಿ ಪೋರ್ಟ್‌ಫೋಲಿಯೊ (ಮಾಡಿದ ಕೆಲಸಗಳ ಸಂಗ್ರಹ) ನೋಡಿ ಕೆಲಸ ಕೊಡುವುದು ಸಾಮಾನ್ಯ. ನಮ್ಮಲ್ಲೂ ಪ್ರಮಾಣಪತ್ರವನ್ನು ಕಡೆಗೆ ನೋಡುತ್ತೇವೆ. ಆದರೆ ಸರ್ಕಾರಿ ಹುದ್ದೆ, ಕಲಾ ಶಿಕ್ಷಕ ವೃತ್ತಿ, ಕಾಲೇಜಿನ ಅಧ್ಯಾಪನ ಇವುಗಳಿಗೆ ನಿಗದಿತ ವಿದ್ಯಾರ್ಹತೆ ಬೇಕೇ ಬೇಕು. ಸ್ನಾತಕೋತ್ತರ ವಿನ್ಯಾಸ ಕೋರ್ಸಿಗೆ ಇರುವ ಸೀಡ್ (CEED) ಪರೀಕ್ಷೆ ಬರೆಯಲೂ ಹನ್ನೆರಡನೆಯ ತರಗತಿಯ ನಂತರ ಕನಿಷ್ಠ ಮೂರು ವರ್ಷದ ಪದವಿ ಅಥವಾ ಡಿಪ್ಲೊಮಾ ಇರಬೇಕು. ಅಮೆರಿಕದ ಎಚ್‌-1ಬಿ ವೀಸಾಕ್ಕೆ ಮಾಡಲಿರುವ ಕೆಲಸಕ್ಕೆ ನೇರವಾಗಿ ಸಂಬಂಧಿಸಿದ ಪದವಿ ಅಥವಾ ಅದಕ್ಕೆ ಸಮನಾದ ಅರ್ಹತೆ ಬೇಕು. ಅನುಭವವನ್ನು ಲೆಕ್ಕಕ್ಕೆ ಹಿಡಿಯುವಾಗ ಮೂರು ವರ್ಷದ ಕೆಲಸವನ್ನು ಒಂದು ವರ್ಷದ ಶಿಕ್ಷಣಕ್ಕೆ ಸಮ ಎಂದು ಎಣಿಸುತ್ತಾರೆ. ಮುಂದೆ ಹೊರದೇಶಕ್ಕೆ ಹೋಗುವ ಆಸೆ ಇದ್ದವರು ವಿನ್ಯಾಸಕ್ಕೆ ಸಂಬಂಧಿಸಿದ ಪದವಿಯನ್ನು ಕೈಯಲ್ಲಿಟ್ಟುಕೊಳ್ಳುವುದು ಕ್ಷೇಮ. ಸೀಡ್ ಬರೆಯಲು ಮಾತ್ರ ಪದವಿ ವಿನ್ಯಾಸದ್ದೇ ಆಗಬೇಕೆಂದಿಲ್ಲ: ಬಿಎ, ಬಿಕಾಂ ಓದುತ್ತಲೇ ವಿನ್ಯಾಸವನ್ನು ಸ್ವಂತವಾಗಿ ಕಲಿತು, ಆಮೇಲೆ ಸೀಡ್ ಬರೆಯುವುದು ನಮ್ಮ ಮಧ್ಯಮ ವರ್ಗದ ಮನೆಗಳಿಗೆ ಚೆನ್ನಾಗಿ ಹೊಂದುವ ದಾರಿ, ಆದರೂ ಅದನ್ನು ಯೋಚಿಸುವವರು ಕಡಿಮೆ.

ಕಾಲೇಜು ಆರಿಸುವಾಗ

ಹಣದ ವಿಷಯದಲ್ಲಿ ಸಂಸ್ಥೆಗಳ ನಡುವೆ ಅಜಗಜಾಂತರವಿದೆ. 1906ರಲ್ಲಿ ಶಂಕುಸ್ಥಾಪನೆಯಾದ ಚಾಮರಾಜೇಂದ್ರ ತಾಂತ್ರಿಕ ಸಂಸ್ಥೆಯ ಪರಂಪರೆಯಲ್ಲಿ ಬಂದ ಮೈಸೂರಿನ ಕಾವಾ (ಚಾಮರಾಜೇಂದ್ರ ಸರ್ಕಾರಿ ದೃಶ್ಯಕಲಾ ಕಾಲೇಜು), ದಾವಣಗೆರೆಯ ವಿಶ್ವವಿದ್ಯಾಲಯದ ದೃಶ್ಯಕಲಾ ಕಾಲೇಜು ಮುಂತಾದ ಸರ್ಕಾರಿ ಸಂಸ್ಥೆಗಳಲ್ಲಿ ಶುಲ್ಕ ಸಾಮಾನ್ಯ ಮನೆತನಗಳಿಗೆ ನಿಲುಕುತ್ತದೆ. ಬೆಂಗಳೂರಿನ ಚಿತ್ರಕಲಾ ಪರಿಷತ್ತಿನ ಕಾಲೇಜೂ ದೃಶ್ಯಕಲಾ ಪದವಿ ಕೊಡುತ್ತದೆ. ಖಾಸಗಿ ವಿನ್ಯಾಸ ಸಂಸ್ಥೆಗಳಲ್ಲಿ ವರ್ಷಕ್ಕೇ ಹಲವು ಲಕ್ಷ ರೂಪಾಯಿ ಆಗುತ್ತದೆ. ಅಷ್ಟು ಸಾಲ ಮಾಡಿ ಓದಿದವರು ಆರಂಭದ ಸಂಬಳದಲ್ಲಿ ಕಂತು ಕಟ್ಟಲು ಒದ್ದಾಡುವುದನ್ನು ಕಂಡಿರುವುದರಿಂದ, ಸಾಲ ಮಾಡಿ ಅಲ್ಲಿಗೆ ಸೇರಿ ಎಂದು ನಾನು ಯಾರಿಗೂ ಹೇಳಲಾರೆ.

ಅರ್ಜಿ ತುಂಬುವಾಗ ಒಂದು ಎಚ್ಚರ. ಕಲಾ ಕಾಲೇಜುಗಳಲ್ಲಿ 'ಗ್ರಾಫಿಕ್ಸ್' ಎಂಬ ವಿಭಾಗವೆಂದರೆ ಎಚ್ಚಿಂಗ್, ಲಿಥೋಗ್ರಫಿ, ಮರದಚ್ಚುಗಳ ಮುದ್ರಣಕಲೆ. ಗ್ರಾಫಿಕ್ ಡಿಸೈನ್ ಬಯಸುವವರು ಆರಿಸಬೇಕಾದದ್ದು ಅನ್ವಯಿಕ ಕಲೆ. ಹೆಸರು ನೋಡಿ ತಪ್ಪು ವಿಭಾಗಕ್ಕೆ ಸೇರಿದ ಸಹಪಾಠಿಯೊಬ್ಬ ನನಗಿದ್ದ. ಐಐಟಿಗಳ ಬಿ.ಡಿಸೈನ್ (ವಿನ್ಯಾಸ ಪದವಿ) ಪ್ರವೇಶಕ್ಕೆ ಐಐಟಿ ಬಾಂಬೆ ನಡೆಸುವ ಯುಸೀಡ್ ಪರೀಕ್ಷೆ ಇಂಗ್ಲಿಷಿನಲ್ಲಿರುತ್ತದೆ, ಅದರಲ್ಲಿ ಚಿತ್ರ ಬಿಡಿಸುವ ಭಾಗವೂ ಇದೆ. ಕನ್ನಡ ಮಾಧ್ಯಮದವರು ಒಂದು ವರ್ಷ ಮೊದಲೇ ತಯಾರಿ ಶುರುಮಾಡಬೇಕು. ಪ್ರವೇಶ ಸಿಗಲಿಲ್ಲವೆಂದು ಕುಗ್ಗುವ ಮಕ್ಕಳಿಗೆ ನಾನು ಮೈಸೂರಿನ ಆರ್‌.ಕೆ. ಲಕ್ಷ್ಮಣರ ಮಾತು ತೆಗೆಯುತ್ತೇನೆ. ಮುಂಬಯಿಯ ಜೆ.ಜೆ. ಕಲಾಶಾಲೆ ಅವರಿಗೆ ಸೀಟು ನಿರಾಕರಿಸಿತ್ತು. ಅವರು ಮೈಸೂರು ವಿಶ್ವವಿದ್ಯಾಲಯದಲ್ಲಿ ಬಿಎ ಓದಿದರು, ಚಿತ್ರ ಬಿಡಿಸುವುದನ್ನು ಮಾತ್ರ ಬಿಡಲಿಲ್ಲ.

ಮೂರು ಅಥವಾ ಆರು ತಿಂಗಳ ಡಿಪ್ಲೊಮಾ ಕೊಡುವ ತರಬೇತಿ ಕೇಂದ್ರಗಳನ್ನು ಕಾಲೇಜಿನ ಜಾಗದಲ್ಲಿಟ್ಟು ನೋಡಬಾರದು. ಅವು ಹೆಚ್ಚಾಗಿ ಕಲಿಸುವುದು ಉಪಕರಣವನ್ನೇ, ಅದು ಮನೆಯಲ್ಲೇ ಸಿಗುತ್ತದೆ. ಯಾವುದೇ ಸಂಸ್ಥೆಗೆ ಹೋದರೂ ಕಚೇರಿಯಲ್ಲಿ ಕೂರದೆ, ತರಗತಿಯ ಗೋಡೆಗಳನ್ನು ನೋಡಲು ಅನುಮತಿ ಕೇಳಿ. ಗೋಡೆಯ ಮೇಲೆ ಅರ್ಧಂಬರ್ಧ ಕೆಲಸ, ತಿದ್ದಿದ ಗುರುತು, ಒಂದೇ ವಿಷಯದ ಹತ್ತು ಪ್ರಯತ್ನ ಇದ್ದರೆ ಅಲ್ಲಿ ಕಲಿಕೆ ನಡೆಯುತ್ತಿದೆ. ಚೌಕಟ್ಟು ಹಾಕಿದ ನಾಲ್ಕು ಚಂದದ ಚಿತ್ರಗಳಷ್ಟೇ ಇದ್ದರೆ ಇನ್ನೊಂದು ಕಡೆ ವಿಚಾರಿಸಿ.

ಇನ್ನೂ ತೀರ್ಮಾನವಾಗದವರಿಗೆ ನಾನು ಮೂರು ತಿಂಗಳ ಒಂದು ಕೆಲಸ ಕೊಡುತ್ತೇನೆ. ವಾರಕ್ಕೊಂದರಂತೆ ಹನ್ನೆರಡು ಕೆಲಸ: ಕಿರಾಣಿ ಅಂಗಡಿಯ ಬಿಲ್ಲು, ಬಸ್ ವೇಳಾಪಟ್ಟಿ, ಸೋಬಾನೆ ಪದಗಳ ಕಿರುಪುಸ್ತಕದ ಮುಖಪುಟ, ಔಷಧಿ ಚೀಟಿ, ಹೀಗೆ. ಟೆಂಪ್ಲೇಟ್ ಮುಟ್ಟಬಾರದು, ಪ್ರತಿಯೊಂದರಲ್ಲೂ ಕನ್ನಡ ಇರಬೇಕು, ಪ್ರತಿಯೊಂದನ್ನೂ ಕಾಗದದ ಮೇಲೆ ಅಚ್ಚು ಹಾಕಿಸಿ ಒಬ್ಬ ಅಪರಿಚಿತರಿಗೆ ತೋರಿಸಬೇಕು, ಅವರು ಹೇಳಿದ್ದನ್ನು ಹಿಂಬದಿಯಲ್ಲಿ ಬರೆದು ಅದೇ ಕೆಲಸವನ್ನು ಮತ್ತೊಮ್ಮೆ ಮಾಡಬೇಕು. ಆರಂಭದಲ್ಲಿ ಹೇಳಿದ ಆ ಹುಡುಗನಿಗೂ ಇದನ್ನೇ ಕೊಟ್ಟೆ. ಅವನು ಐದು ಕೆಲಸ ಮುಗಿಸಿ ಆರನೆಯದರಲ್ಲಿ, ಬಸ್ ವೇಳಾಪಟ್ಟಿಯಲ್ಲಿ, ಸಿಕ್ಕಿಹಾಕಿಕೊಂಡ. ಮೂರು ಸಲ ಬದಲಿಸಿದರೂ ಹಳೆ ಬಸ್ ನಿಲ್ದಾಣದಲ್ಲಿ ಅಜ್ಜಿಯೊಬ್ಬರಿಗೆ ನವಲಗುಂದದ ಬಸ್ಸು ಯಾವಾಗ ಎಂದು ಅದರಲ್ಲಿ ಹುಡುಕಲು ಆಗಲಿಲ್ಲವಂತೆ. ಏನು ತಪ್ಪಾಗಿದೆ ಎಂದು ತನಗೆ ತಿಳಿಯುತ್ತಿಲ್ಲ, ಹೇಳಿಕೊಡುವವರ ಹತ್ತಿರ ಹೋಗಬೇಕು ಎಂದು ಅವನೇ ತಂದೆಗೆ ಹೇಳಿದ. ಈಗ ಅನ್ವಯಿಕ ಕಲೆಯ ಎರಡನೆಯ ವರ್ಷದಲ್ಲಿದ್ದಾನೆ. ಅದೇ ವರ್ಷ ಹನ್ನೆರಡನ್ನೂ ಮುಗಿಸಿದ ಕುಂದಗೋಳದ ಹುಡುಗಿಯೊಬ್ಬಳು ಕಾಲೇಜಿಗೆ ಹೋಗಲಿಲ್ಲ. ಪ್ರತಿ ಹಾಳೆಯ ಹಿಂದೆ ಅವಳು ಬರೆದುಕೊಂಡಿದ್ದ ಟಿಪ್ಪಣಿಗಳನ್ನು ಓದಿ, ನಾವೇ ಅವಳನ್ನು ಕೆಲಸಕ್ಕೆ ತೆಗೆದುಕೊಂಡೆವು.